ತಲಪಾಡಿ ದಾಟಿದರೆ ಕಾಣುವ ತೆರಿಗೆ

ಉಪ್ಪಳದಲ್ಲಿರುವ ನನ್ನ ಸೋದರಮಾವ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವುದು ತಲಪಾಡಿ ಗಡಿಯ ಆಚೆ ಹೋಗಿ. ಕೇರಳದ ಬೋರ್ಡು ಮುಗಿದು ಕರ್ನಾಟಕದ ಬೋರ್ಡು ಬಂದ ಮೇಲೆಯೇ ಅವರ ಗಾಡಿಗೆ ಬಾಯಾರಿಕೆ ಆಗುವುದು. "ಲೀಟರಿಗೆ ಮೂರು ರೂಪಾಯಿಗಿಂತ ಜಾಸ್ತಿ ಉಳಿತದೆ ಮಾರಾಯ, ಸುಮ್ನೆ ಇಲ್ಲಿ ಯಾಕೆ ಹಾಕಿಸುದು?" ಎನ್ನುತ್ತಾರೆ. ಒಂದು ದಿನ ಅವರ ಜಗಲಿಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಗ ನಾನು ಲೆಕ್ಕ ಹಾಕಿ ತೋರಿಸಿದೆ. ಹೋಗಿ ಬರಲು ಇಪ್ಪತ್ತು ಕಿಲೋಮೀಟರಿಗಿಂತ ಜಾಸ್ತಿ. ಸ್ಕೂಟರು ಲೀಟರಿಗೆ ನಲವತ್ತೈದು ಕೊಟ್ಟರೂ ಅರ್ಧ ಲೀಟರ್ ದಾರಿಗೇ ಹೋಯಿತು. ಅಲ್ಲಿಗೆ ಐವತ್ತು ರೂಪಾಯಿ. ಟ್ಯಾಂಕಿಗೆ ಹಿಡಿಯುವುದು ಐದು ಲೀಟರ್. ಉಳಿಯುವುದು ಹದಿನೇಳೋ ಹದಿನೆಂಟೋ ರೂಪಾಯಿ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದು ಸರಿ. ಆದ್ರೆ ಇಲ್ಲಿ ಹಾಕಿಸಿದ್ರೆ ಆ ಮೂರು ರೂಪಾಯಿ ಹೋಗುದು ಕಣ್ಣಿಗೆ ಕಾಣ್ತದಲ್ಲ" ಎಂದರು.

ನಾನು ನಕ್ಕೆ. ಮನೆಗೆ ಬಂದ ಮೇಲೆ ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಇದೇ ಮಾವ ಅದೇ ದಿನ ಉಪ್ಪಳ ಪೇಟೆಯಲ್ಲಿ ಸಾಬೂನು, ಬಿಸ್ಕೆಟು, ತೆಂಗಿನೆಣ್ಣೆ ತಂದಿದ್ದರು. ಒಂದು ಲಾಟರಿ ಟಿಕೆಟೂ ಇತ್ತು. ಅದರಲ್ಲಿ ಎಷ್ಟು ತೆರಿಗೆ ಕೊಟ್ಟರು ಅಂತ ಅವರಿಗೂ ಗೊತ್ತಿಲ್ಲ, ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಕಾಸರಗೋಡಿನ ನಮಗೆ ಪೆಟ್ರೋಲಿನ ತೆರಿಗೆ ಮಾತ್ರ ಕಾಣುತ್ತದೆ. ಅದು ಯಾವ ಸರಕಾರದ ಉಪಕಾರದಿಂದಲೂ ಅಲ್ಲ. ಪಕ್ಕದಲ್ಲಿ ಒಂದು ಗಡಿ ಉಂಟು, ಅಷ್ಟೇ. ಬಿಲ್ಲು ಮಾಡಬೇಕಾದ ಕೆಲಸವನ್ನು ನಮ್ಮಲ್ಲಿ ಗಡಿ ಮಾಡುತ್ತಿದೆ.

ಆ ಮೂರು ಚಿಲ್ಲರೆ ರೂಪಾಯಿ ಎಲ್ಲಿಂದ ಬಂತು ಅಂತ ನೋಡೋಣ. ಕೇರಳದಲ್ಲಿ ಪೆಟ್ರೋಲಿಗೆ ಶೇ. 30.08 ಮಾರಾಟ ತೆರಿಗೆ. ಕರ್ನಾಟಕದಲ್ಲಿ 2024ರ ಜೂನ್ 15ರವರೆಗೆ ಶೇ. 25.92 ಇತ್ತು, ಆವತ್ತು ಶೇ. 29.84ಕ್ಕೆ ಏರಿಸಿದರು. ಆಚೆ ಬದಿಯ ಪೆಟ್ರೋಲ್ ಒಂದೇ ಸಲ 3 ರೂಪಾಯಿ ಮೇಲೆ ಹೋಯಿತು. ಅಂದರೆ ಈಗ ಎರಡೂ ರಾಜ್ಯಗಳ ಶೇಕಡಾ ಹೆಚ್ಚುಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಎಂತದು? ಕೇರಳ ಶೇಕಡಾ ತೆರಿಗೆಯ ಮೇಲೆ ಇನ್ನೂ ಮೂರು ತುಂಡು ಸೇರಿಸುತ್ತದೆ. ಲೀಟರಿಗೆ 1 ರೂಪಾಯಿ ಹೆಚ್ಚುವರಿ ಮಾರಾಟ ತೆರಿಗೆ, ಶೇ. 1 ಸೆಸ್, ಮತ್ತೆ 2023ರ ಏಪ್ರಿಲಿನಿಂದ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್. ಮಾವ ತಪ್ಪಿಸಲು ಓಡಾಡುವುದು ಬಹುಮಟ್ಟಿಗೆ ಆ ಒಂದು ಮತ್ತು ಎರಡು ರೂಪಾಯಿಗಳನ್ನು.

ಆದರೆ ಗಡಿ ತೋರಿಸುವುದು ಎರಡು ರಾಜ್ಯಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಎರಡೂ ಕಡೆ ಒಂದೇ ಆಗಿರುವ ತೆರಿಗೆ ಗಡಿಯಲ್ಲಿ ಕಾಣುವುದಿಲ್ಲ. 2025ರ ಏಪ್ರಿಲ್ 8ರಂದು ಕೇಂದ್ರ ಸರಕಾರ ಪೆಟ್ರೋಲ್, ಡೀಸೆಲ್ ಎರಡರ ಅಬಕಾರಿ ಸುಂಕವನ್ನೂ ಲೀಟರಿಗೆ 2 ರೂಪಾಯಿ ಏರಿಸಿತು. ಯಾರಿಗಾದರೂ ನೆನಪುಂಟಾ? ಇರಲಿಕ್ಕಿಲ್ಲ. ಆಗ ಕಚ್ಚಾ ತೈಲ ಅಗ್ಗವಾಗಿತ್ತು. ಪಂಪಿನ ಬೆಲೆ ಇಳಿಯಬೇಕಾದ ಜಾಗದಲ್ಲಿ ತೆರಿಗೆ ಏರಿತು, ಬೋರ್ಡಿನ ಅಂಕಿ ಅಲ್ಲಾಡಲಿಲ್ಲ. ಆ ಏರಿಕೆಯ ನಂತರ ಪೆಟ್ರೋಲಿನ ಮೇಲೆ ಕೇಂದ್ರದ ಒಟ್ಟು ಸುಂಕ 21.90 ರೂಪಾಯಿ ಆಯಿತು. ಅದನ್ನು ಬಿಡಿಸಿದರೆ ಮೂಲ ಸುಂಕ 1.40, ವಿಶೇಷ ಹೆಚ್ಚುವರಿ ಸುಂಕ 13, ಕೃಷಿ ಮೂಲಸೌಕರ್ಯ ಸೆಸ್ 2.50, ರಸ್ತೆ ಸೆಸ್ 5. ಇದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳುವ ಗಂಟಿಗೆ ಬೀಳುವುದು ಆ 1.40 ರೂಪಾಯಿ ಮಾತ್ರ. ಸೆಸ್, ಸರ್‌ಚಾರ್ಜ್ ಅಂತ ಹೆಸರಿಟ್ಟದ್ದು ಪೂರ್ತಿ ಕೇಂದ್ರಕ್ಕೇ ಹೋಗುತ್ತದೆ.

ಇನ್ನೂ ಒಂದು ಉಂಟು. ರಾಜ್ಯದ ಶೇ. 30.08 ಬೀಳುವುದು ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ. ಆಗಿನ ಆ 21.90ರ ಮೇಲೆ 30.08 ಅಂದರೆ ಆರೂವರೆ ರೂಪಾಯಿ. ತೆರಿಗೆಗೆ ಹಾಕಿದ ತೆರಿಗೆ ಅದು. ನಮ್ಮ ಪಂಪಿನ ಬಿಲ್ಲಿನಲ್ಲಿ ಇದ್ಯಾವುದೂ ಇಲ್ಲ. ಎಷ್ಟು ಲೀಟರು, ಲೀಟರಿಗೆ ಎಷ್ಟು, ಒಟ್ಟು ಎಷ್ಟು. ಕೆಳಗೆ ಧನ್ಯವಾದ.

ಕೇರಳದವರು ತೆರಿಗೆಯನ್ನು ಕಣ್ಣೆದುರು ಕಂಡ ಕಾಲವೂ ಒಂದಿತ್ತು. 2018ರ ಆಗಸ್ಟಿನ ಪ್ರವಾಹದ ನಂತರ ರಾಜ್ಯ ಕಟ್ಟಲು ಹಣ ಬೇಕೆಂದು ಪ್ರವಾಹ ಸೆಸ್ ಬಂತು. ಶೇ. 5ಕ್ಕಿಂತ ಜಾಸ್ತಿ ಜಿಎಸ್‌ಟಿ ಇರುವ ಸಾಮಾನಿಗೆ ಶೇ. 1, ಚಿನ್ನಕ್ಕೆ ಶೇ. 0.25. ಅದನ್ನು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸುತ್ತಿದ್ದರು. ಕೇರಳ ಫ್ಲಡ್ ಸೆಸ್ ಎಂಬುದನ್ನು ಚಿಕ್ಕದು ಮಾಡಿ 'ಕೆಎಫ್‌ಸಿ' ಅಂತ ಮುದ್ರಿಸುತ್ತಿದ್ದರು. ಮೊದಲ ಸಲ ನೋಡಿದಾಗ, ಫ್ಯಾನ್ ತಗೊಂಡದ್ದಕ್ಕೆ ಆ ಹೆಸರಿನ ಹೋಟೆಲಿನ ಕೋಳಿಯ ದುಡ್ಡು ಯಾಕೆ ಹಾಕಿದರು ಅಂತ ನಾನೇ ಗಾಬರಿ ಬಿದ್ದಿದ್ದೆ. ಆ ಸಾಲು 2019ರ ಆಗಸ್ಟ್ 1ಕ್ಕೆ ಬಿಲ್ಲಿಗೆ ಬಂತು. 2021ರ ಜುಲೈ 31ಕ್ಕೆ ಅವಧಿ ಮುಗಿಯಿತು, ಮರುದಿನ ಸಾಲು ಮಾಯ. ಬಂದದ್ದೂ ಗೊತ್ತಾಯಿತು, ಹೋದದ್ದೂ ಗೊತ್ತಾಯಿತು. ಹೋದ ಮೇಲೂ ಯಾರಾದರೂ ಆ ಒಂದು ಶೇಕಡಾ ಹಿಡಿದರೆ ಬೆರಳಿಟ್ಟು ಕೇಳಬಹುದಿತ್ತು.

ಪೆಟ್ರೋಲಿನ 2 ರೂಪಾಯಿ ಸೆಸ್ ಕೂಡ ಅದೇ ರಾಜ್ಯದ್ದು. ಅದು ಬೆಲೆಯೊಳಗೆ ಕರಗಿ ಹೋಗಿದೆ. ನಾಳೆ ಅದನ್ನು ತೆಗೆದರೂ ಕಚ್ಚಾ ತೈಲದ ಏರಿಳಿತದಲ್ಲಿ ನಮಗೆ ತಿಳಿಯಲಿಕ್ಕಿಲ್ಲ.

ಇನ್ನು ಅಂಗಡಿ ಸಾಮಾನಿಗೆ ಬರೋಣ. ಇಲ್ಲಿ ಎರಡು ಕಾನೂನು ಎದುರುಬದುರಾಗಿ ನಿಂತಿವೆ. ಪ್ಯಾಕೆಟ್ಟಿನ ಮೇಲಿನ ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಹಿಂದೆ 'ಸ್ಥಳೀಯ ತೆರಿಗೆ ಪ್ರತ್ಯೇಕ' ಅಂತ ಬರೆದು, ಅಂಗಡಿಯವ ಅದರ ಮೇಲೆ ಬಾಯಿಗೆ ಬಂದ ಅಂಕಿ ಸೇರಿಸುವ ಪದ್ಧತಿ ಇತ್ತು. 1990ರ ತಿದ್ದುಪಡಿಯಿಂದ ಬಂದ ಎಂಆರ್‌ಪಿ ಅದಕ್ಕೆ ಮದ್ದು. ಒಳ್ಳೆಯದೇ ಆಯಿತು. ಕೊಳ್ಳುವವನಿಗೆ ಎಷ್ಟು ಕೊಡಬೇಕು ಅಂತ ಮೊದಲೇ ಗೊತ್ತು. ಆದರೆ ತೆರಿಗೆ ಅಲ್ಲಿ ಒಳಗೆ ಅಡಗಿತು. ಇತ್ತ ಜಿಎಸ್‌ಟಿ ಕಾಯ್ದೆಯ 33ನೇ ಸೆಕ್ಷನ್, ಬೆಲೆಯಲ್ಲಿ ತೆರಿಗೆ ಎಷ್ಟು ಎಂಬುದನ್ನು ಬಿಲ್ಲಿನಲ್ಲಿ ಎದ್ದು ಕಾಣುವಂತೆ ತೋರಿಸಬೇಕು ಎನ್ನುತ್ತದೆ. ಒಂದು ಮುಚ್ಚು ಎನ್ನುತ್ತದೆ, ಇನ್ನೊಂದು ತೆರೆ ಎನ್ನುತ್ತದೆ. ಬಿಲ್ಲು ಇದ್ದರೆ ತೆರೆಯಿತು, ಇಲ್ಲದಿದ್ದರೆ ಇಲ್ಲ.

ಬಿಲ್ಲು ಎಲ್ಲಿ ಇರುತ್ತದೆ? 200 ರೂಪಾಯಿಗಿಂತ ಕಡಿಮೆಯ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ ಬಿಲ್ಲು ಕೊಡಬೇಕೆಂದಿಲ್ಲ. ದಿನದ ಕೊನೆಗೆ ಎಲ್ಲ ಸೇರಿಸಿ ಒಂದು ಮಾಡಿದರೆ ಸಾಕು. ವಹಿವಾಟಿನ ಮೇಲೆ ಒಂದು ಸಣ್ಣ ಶೇಕಡಾ ಕಟ್ಟಿ ಮುಗಿಸುವ ಕಂಪೋಸಿಷನ್ ಸ್ಕೀಮಿನಲ್ಲಿರುವ ಸಣ್ಣ ಅಂಗಡಿಯವರು ತೆರಿಗೆಯನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ಹಿಡಿಯುವಂತೆಯೇ ಇಲ್ಲ, ಹಾಗಾಗಿ ಬಿಲ್ಲಿನಲ್ಲಿ ತೋರಿಸುವ ಪ್ರಶ್ನೆಯೂ ಇಲ್ಲ. ವಾರದ ಸಾಮಾನನ್ನು ಒಟ್ಟಿಗೆ ಸೂಪರ್‌ಮಾರ್ಕೆಟಿನಲ್ಲಿ ತಳ್ಳುಗಾಡಿ ತುಂಬ ತರುವವನಿಗೆ ಉದ್ದದ ಬಿಲ್ಲು ಸಿಗುತ್ತದೆ. ಸಂಜೆ ಕೂಲಿ ಸಿಕ್ಕಿದ ಮೇಲೆ ಅರ್ಧ ಲೀಟರ್ ಎಣ್ಣೆ, ಒಂದು ಸಾಬೂನು, ಎರಡು ಶಾಂಪೂ ಪೊಟ್ಟಣ ಒಯ್ಯುವ ಹೆಂಗಸಿಗೆ ಏನೂ ಸಿಗುವುದಿಲ್ಲ. ತೆರಿಗೆ ಇಬ್ಬರೂ ಕೊಡುತ್ತಾರೆ.

ಬಿಲ್ಲು ಸಿಕ್ಕಿದವನಿಗಾದರೂ ಎಷ್ಟು ಕಾಣುತ್ತದೆ? ನನ್ನೆದುರು ಈಗ ಒಂದು ಉಂಟು. ಆ ನಯವಾದ ಕಾಗದ, ಅಂಗಿಯ ಕಿಸೆಯಲ್ಲಿ ನಾಲ್ಕು ದಿನ ಇದ್ದು ಅಕ್ಷರ ಅರ್ಧ ಮಾಸಿದೆ. ಮೇಲೆ ಸಾಮಾನಿನ ಹೆಸರುಗಳು ಹನ್ನೆರಡಕ್ಷರಕ್ಕೆ ಕತ್ತರಿಸಿ ಬಿದ್ದಿವೆ. ಕೆಳಗೆ ಸಣ್ಣದೊಂದು ಪಟ್ಟಿ. ಶೇ. 5ರ ಸಾಮಾನೆಲ್ಲ ಸೇರಿ ಇಷ್ಟು, ಅದರಲ್ಲಿ ಕೇಂದ್ರದ ಪಾಲು ಸಿಜಿಎಸ್‌ಟಿ ಎರಡೂವರೆ, ರಾಜ್ಯದ ಪಾಲು ಎಸ್‌ಜಿಎಸ್‌ಟಿ ಎರಡೂವರೆ. ಯಾವ ಸಾಮಾನಿಗೆ ಯಾವ ದರ ಎಂಬುದು ಇಲ್ಲ. ಬಿಲ್ಲು ಇಂಗ್ಲಿಷಿನಲ್ಲಿ, ಅಂಗಡಿಯ ಬೋರ್ಡು ಮಲಯಾಳದಲ್ಲಿ. ಕನ್ನಡ ಮಾತ್ರ ಗೊತ್ತಿರುವ ನನ್ನ ಅಜ್ಜಿಗೆ ಇದರಲ್ಲಿ ಓದಲು ಆಗುವುದು ಅಂಕಿಗಳು. ಕಾನೂನಿನ ಪ್ರಕಾರ ಇದು 'ಎದ್ದು ಕಾಣುವಂತೆ' ತೋರಿಸಿದ್ದು!

ಕಾಣದಿದ್ದರೆ ಏನು ನಷ್ಟ ಅಂತ ಕೇಳಬಹುದು. ಉತ್ತರ 2025ರ ಸೆಪ್ಟೆಂಬರ್ 22ರಲ್ಲಿ ಉಂಟು. ಆವತ್ತಿನಿಂದ, ತಂಬಾಕಿನಂಥ ಕೆಲವನ್ನು ಬಿಟ್ಟರೆ, ಜಿಎಸ್‌ಟಿಯ ಶೇ. 12 ಮತ್ತು 28ರ ಮೆಟ್ಟಿಲು ಹೋಯಿತು. ಹೆಚ್ಚಿನ ಸಾಮಾನು 5 ಅಥವಾ 18ಕ್ಕೆ ಬಂತು, ಕೆಲವಕ್ಕೆ 40 ಆಯಿತು. ಸಾಬೂನು, ಟೂತ್‌ಪೇಸ್ಟು, ಶಾಂಪೂ, ಬಿಸ್ಕೆಟು ಎಲ್ಲ 18ರಿಂದ 5ಕ್ಕೆ ಇಳಿದವು. "ಹದಿಮೂರು ಪರ್ಸೆಂಟ್ ಕಡಿಮೆ" ಅಂತ ಎಲ್ಲರ ಬಾಯಲ್ಲಿ. ಅದು ಹದಿಮೂರಲ್ಲ, ಹನ್ನೊಂದು. 100ರ ಸಾಮಾನು ಮೊದಲು 118, ಈಗ 105. ಹದಿಮೂರು ರೂಪಾಯಿ ಇಳಿದದ್ದು 118ರಿಂದ. 40 ರೂಪಾಯಿಯ ಸಾಬೂನಿನಲ್ಲಿ ಮೊದಲು ತೆರಿಗೆ 6 ರೂಪಾಯಿ 10 ಪೈಸೆ ಇತ್ತು. ಹೊಸ ದರದಲ್ಲಿ ಅದು 35 ರೂಪಾಯಿ 60 ಪೈಸೆಗೆ ಸಿಗಬೇಕು. ಈ ಲೆಕ್ಕ ಮಾಡಲು ಹಳೆಯ ದರ ಗೊತ್ತಿರಬೇಕು. ಪ್ಯಾಕೆಟ್ಟಿನ ಮೇಲೆ ಅದು ಇರಲಿಲ್ಲ, ಈಗಲೂ ಇಲ್ಲ.

ಸೆಪ್ಟೆಂಬರ್ ಕೊನೆಯ ವಾರ ನಾನೊಂದು ಅಂಗಡಿಯಲ್ಲಿ ಟೂತ್‌ಪೇಸ್ಟ್ ತಗೊಂಡೆ. ಹಳೆಯ ಎಂಆರ್‌ಪಿಯೇ ಹಿಡಿದರು. ಕೇಳಿದ್ದಕ್ಕೆ, "ಇದು ಹಳೇ ಸ್ಟಾಕ್ ಅಣ್ಣ, ಸ್ಟಿಕ್ಕರ್ ಬರಲಿಲ್ಲ" ಎಂದ ಹುಡುಗ. ಹಳೆಯ ಪ್ಯಾಕೆಟ್ಟಿಗೆ ಹೊಸ ಸ್ಟಿಕ್ಕರ್ ಹಚ್ಚುವುದು ಕಡ್ಡಾಯ ಅಲ್ಲ ಅಂತ ಸರಕಾರವೇ ಹೇಳಿತ್ತು. ಆದರೆ ಸ್ಟಿಕ್ಕರ್ ಇಲ್ಲ ಎಂದ ಮಾತ್ರಕ್ಕೆ ಹಳೆಯ ದರದ ತೆರಿಗೆ ಹಿಡಿಯುವ ಹಾಗಿಲ್ಲ. ಹುಡುಗನಿಗೆ ಅದು ಗೊತ್ತಿರಲಿಕ್ಕಿಲ್ಲ, ಅವನ ಮೇಲೆ ನನಗೆ ಸಿಟ್ಟಿಲ್ಲ. ಬಿಲ್ಲಿನ ಕೆಳಗಿನ ಪಟ್ಟಿಯಲ್ಲಿ ಮಾತ್ರ ಶೇ. 5 ಅಂತಲೇ ಇತ್ತು. ಸರಕಾರಕ್ಕೆ ಐದು, ನನ್ನಿಂದ ಹದಿನೆಂಟರ ಬೆಲೆ.

ಇಂಥದ್ದಕ್ಕೆ ಕಾಯ್ದೆಯಲ್ಲಿ 171ನೇ ಸೆಕ್ಷನ್ ಉಂಟು. ತೆರಿಗೆ ಇಳಿದರೆ ಅದಕ್ಕೆ ತಕ್ಕಂತೆ ಬೆಲೆಯೂ ಇಳಿಯಬೇಕು ಎಂದು ಅದು ಹೇಳುತ್ತದೆ. ಇದನ್ನು ನೋಡಿಕೊಳ್ಳಲು 2017ರಿಂದ ಒಂದು ರಾಷ್ಟ್ರೀಯ ಪ್ರಾಧಿಕಾರ ಇತ್ತು. 2022ರ ಡಿಸೆಂಬರಿನಲ್ಲಿ ಕೆಲಸ ಸ್ಪರ್ಧಾ ಆಯೋಗಕ್ಕೆ ಹೋಯಿತು, 2024ರ ಅಕ್ಟೋಬರಿನಲ್ಲಿ ಜಿಎಸ್‌ಟಿ ನ್ಯಾಯಮಂಡಳಿಗೆ. 2025ರ ಏಪ್ರಿಲ್ 1ರಿಂದ ಹೊಸ ದೂರು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಅದಾಗಿ ಆರು ತಿಂಗಳೊಳಗೆ ಜಿಎಸ್‌ಟಿ ಬಂದ ಮೇಲಿನ ಅತಿ ದೊಡ್ಡ ಇಳಿಕೆ ಬಂತು. ಉಳಿದದ್ದು 1915 ನಂಬರಿನ ಗ್ರಾಹಕ ಸಹಾಯವಾಣಿ. ಕಾಯುವವನನ್ನು ಮನೆಗೆ ಕಳಿಸಿದ ಮೇಲೆ ಲೆಕ್ಕ ನೋಡುವ ಕೆಲಸ ನಮ್ಮ ಮೇಲೇ ಬಿತ್ತು, ಲೆಕ್ಕದ ಅಂಕಿ ಮಾತ್ರ ನಮ್ಮ ಕೈಗೆ ಕೊಡಲಿಲ್ಲ.

ಐದು ರೂಪಾಯಿಯ ಬಿಸ್ಕೆಟಿನದು ಇನ್ನೂ ತಮಾಷೆ. ಹೊಸ ದರದಲ್ಲಿ ಅದು 4 ರೂಪಾಯಿ 45 ಪೈಸೆ ಆಗಬೇಕು. ಒಂದು ರೂಪಾಯಿಯ ಶಾಂಪೂ 89 ಪೈಸೆ. ಆ ಚಿಲ್ಲರೆ ಯಾರ ಹತ್ತಿರ ಉಂಟು? ಬೆಲೆ ಹಾಗೇ ಇಟ್ಟು ತೂಕ ಜಾಸ್ತಿ ಮಾಡುವ ದಾರಿ ಕಂಪನಿಗಳಿಗೆ ಉಂಟು. ಆದರೆ ಪೊಟ್ಟಣದಲ್ಲಿ ಎರಡು ಬಿಸ್ಕೆಟ್ ಜಾಸ್ತಿ ಆಯಿತಾ ಅಂತ ಎಣಿಸಿದವರನ್ನು ನಾನು ಕಂಡಿಲ್ಲ.

ಲಾಟರಿಯಲ್ಲಿ ಇದು ತಿರುಗುಮುರುಗು. ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಮಾರುವ 50 ರೂಪಾಯಿಯ ಟಿಕೆಟಿನೊಳಗೆ ಮೊದಲು ಶೇ. 28 ಇತ್ತು, ಅಂದರೆ 10 ರೂಪಾಯಿ 94 ಪೈಸೆ. ಅದು ಶೇ. 40 ಆಯಿತು, ಅಂದರೆ 14 ರೂಪಾಯಿ 29 ಪೈಸೆ. ಟಿಕೆಟಿನ ಬೆಲೆ 50ರಲ್ಲೇ ನಿಂತಿತು. ಬೆಲೆ ಏರದಿದ್ದರೆ ತೆರಿಗೆ ಯಾರಿಗೂ ತಾಗಲಿಲ್ಲ ಅಂತ ತೋರುತ್ತದೆ. ಆದರೆ ಆ ಮೂರು ಚಿಲ್ಲರೆ ರೂಪಾಯಿ ಬಹುಮಾನದ ಕಡೆಯಿಂದಲೋ ಮಾರುವವನ ಕಮಿಷನ್ನಿನಿಂದಲೋ ಬರಲೇಬೇಕಲ್ವಾ? ನನ್ನ ಮಾವನಿಗೆ ಲಾಟರಿಯಲ್ಲಿ ಕಾಣದ ಮೂರು ರೂಪಾಯಿ ಬೇಸರ ಕೊಡುವುದಿಲ್ಲ. ಪೆಟ್ರೋಲಿನಲ್ಲಿ ಕಾಣುವ ಮೂರು ರೂಪಾಯಿ ಅವರನ್ನು ಇಪ್ಪತ್ತು ಕಿಲೋಮೀಟರ್ ಓಡಿಸುತ್ತದೆ.

ದರಗಳ ಹಿಂದಿನ ಜಗಳವೂ ಬೆಲೆಯೊಳಗೆ ಮುಚ್ಚಿಹೋಗುತ್ತದೆ. ತೆಂಗಿನೆಣ್ಣೆ ನಮಗೆ ಒಂದೇ. ಒಗ್ಗರಣೆಗೂ ಅದೇ, ತಲೆಗೂ ಅದೇ. ತೆರಿಗೆಯವರಿಗೆ ಹಾಗಲ್ಲ. ಅಡುಗೆ ಎಣ್ಣೆಗೆ ಶೇ. 5, ಕೂದಲಿನ ಎಣ್ಣೆಗೆ ಶೇ. 18 ಇತ್ತು. ಸಣ್ಣ ಬಾಟ್ಲಿಯಲ್ಲಿ ತುಂಬಿದ ಮಾತ್ರಕ್ಕೆ ತೆಂಗಿನೆಣ್ಣೆ ಕೂದಲಿನ ಎಣ್ಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಲು 2024ರ ಡಿಸೆಂಬರ್ ಬೇಕಾಯಿತು. ಪೊರೋಟದ್ದೂ ಹೀಗೆಯೇ. ಪ್ಯಾಕೆಟ್ಟಿನ ಪೊರೋಟ ರೊಟ್ಟಿಯ ಜಾತಿಗೆ ಸೇರುವುದಿಲ್ಲ, ಅದಕ್ಕೆ 5 ಅಲ್ಲ 18 ಎಂದು 2020ರಲ್ಲಿ, ಯಾವುದಕ್ಕೆ ಎಷ್ಟು ತೆರಿಗೆ ಎಂದು ಮೊದಲೇ ಹೇಳುವ ಕರ್ನಾಟಕದ ಮುಂಗಡ ತೀರ್ಪಿನ ಪ್ರಾಧಿಕಾರ ಹೇಳಿತ್ತು. ಈಗ ಎಣ್ಣೆ ಎರಡೂ 5, ಪೊರೋಟ ಸೊನ್ನೆ. ಕುಚ್ಚಲಕ್ಕಿಗೆ ಬಂದರೆ, 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕಿಗೆ ಶೇ. 5. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ, ಚೀಲ ಬಿಚ್ಚಿ ಅಳೆದು ಕೊಟ್ಟರೂ ಇಲ್ಲ. 26 ಕೆಜಿಯ ಚೀಲ ಯಾಕೆ ಬಂತು ಅಂತ ತಲೆ ಕೆಡಿಸಿಕೊಂಡವರಿಗೆ ಉತ್ತರ ಇದು.

ತೆರಿಗೆ ಕಂಡರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಕಂಡರೆ ತಪ್ಪಿಸುವ ಆಸೆಯೂ ಹುಟ್ಟುತ್ತದೆ. ಟೈಲ್ಸ್ ಅಂಗಡಿಯಲ್ಲಿ "ಬಿಲ್ ಬೇಕಾ, ಹಾಗೇ ಆಗ್ತದಾ?" ಎಂದು ಕೇಳುವ ಪ್ರಶ್ನೆ ನಮಗೆಲ್ಲ ಗೊತ್ತಿರುವುದೇ. ಕ್ಯಾಲಿಫೋರ್ನಿಯಾದಲ್ಲಿ ತೆರಿಗೆಯನ್ನು ಕೌಂಟರಿನಲ್ಲಿ ಸೇರಿಸುವ ಪದ್ಧತಿ. ಅಲ್ಲಿಯ ಒಂದು ಸೂಪರ್‌ಮಾರ್ಕೆಟಿನಲ್ಲಿ 2006ರಲ್ಲಿ ಕೆಲವು ಸಾಮಾನಿನ ಎದುರು ತೆರಿಗೆ ಸೇರಿದ ಬೆಲೆಯ ಚೀಟಿ ಹಚ್ಚಿ ನೋಡಿದರು. ಕೊಡುವ ದುಡ್ಡು ಒಂದು ಸೆಂಟೂ ಬದಲಾಗಲಿಲ್ಲ, ಮಾರಾಟ ಮಾತ್ರ ಸುಮಾರು ಶೇ. 8 ಬಿತ್ತು. ನನ್ನ ಮಾವ ಒಬ್ಬರೇ ಹಾಗಲ್ಲ.

ಆದರೆ ಕಾಣುವ ತೆರಿಗೆಗೆ ಇನ್ನೊಂದು ಮುಖವೂ ಉಂಟು. ಪೆಟ್ರೋಲಿನ ಆ 2 ರೂಪಾಯಿ ಸೆಸ್ ಹಾಕಿದ್ದು ಸಾಮಾಜಿಕ ಭದ್ರತೆಗೆ. ಅಜ್ಜಿಗೆ ಕೇರಳ ಸರಕಾರದ ಕ್ಷೇಮ ಪಿಂಚಣಿ ಬರುತ್ತದೆ. 1,600 ಇದ್ದದ್ದು 2025ರ ನವೆಂಬರಿನಿಂದ 2,000 ಆಗಿದೆ. ತಾಯಿಯ ಪಿಂಚಣಿ ತಡವಾದರೆ ಸರಕಾರಕ್ಕೆ ಬೈಯುವ ಮಾವ, ಅದರ ಸೆಸ್ ತಪ್ಪಿಸಲು ತಲಪಾಡಿ ದಾಟುತ್ತಾರೆ. ಬಿಲ್ಲಿನಲ್ಲಿ 'ಸಾಮಾಜಿಕ ಭದ್ರತಾ ಸೆಸ್, 5 ಲೀಟರಿಗೆ 10 ರೂಪಾಯಿ' ಅಂತ ಒಂದು ಸಾಲು ಇದ್ದಿದ್ದರೆ ಅವರು ನಿಲ್ಲುತ್ತಿದ್ದರೋ ಇಲ್ಲವೋ. ಕಡೇಪಕ್ಷ ಎಂತದನ್ನು ತಪ್ಪಿಸುತ್ತಿದ್ದೇನೆ ಅಂತ ಗೊತ್ತಿರುತ್ತಿತ್ತು.

ಬ್ರೆಜಿಲ್ ದೇಶದಲ್ಲಿ 2012ರಲ್ಲಿ ಒಂದು ಕಾನೂನು ಮಾಡಿದರು. ಬೆಲೆಯೊಳಗೆ ಅಡಗಿದ ಎಲ್ಲ ತೆರಿಗೆ ಸೇರಿ ಅಂದಾಜು ಎಷ್ಟು ಎಂದು ಗಿರಾಕಿಯ ರಸೀದಿಯಲ್ಲಿ ಬರೆಯಬೇಕು. ನಮ್ಮಲ್ಲಿ ಅಷ್ಟು ದೂರ ಹೋಗುವುದು ಬೇಡ. ಎಂಆರ್‌ಪಿಯ ಪಕ್ಕದಲ್ಲಿ 'ಇದರಲ್ಲಿ ಜಿಎಸ್‌ಟಿ ಶೇ. 5' ಎಂದು ದರ ಮುದ್ರಿಸಿದರೆ ಸಾಕು. ಮೊತ್ತ ಬರೆಯಲು ಹೋದರೆ ತೊಡಕು, ಯಾಕೆಂದರೆ ಅಂಗಡಿಯವ ಎಂಆರ್‌ಪಿಗಿಂತ ಕಡಿಮೆಗೆ ಕೊಟ್ಟರೆ ತೆರಿಗೆಯೂ ಕಡಿಮೆ ಆಗುತ್ತದೆ. ದರಕ್ಕೆ ಆ ರಗಳೆ ಇಲ್ಲ. ಬಿಲ್ಲು ಸಿಗದ ಹೆಂಗಸಿಗೂ ಪೊಟ್ಟಣ ಸಿಗುತ್ತದಲ್ಲ. ದರ ಬದಲಾದರೆ ಪ್ಯಾಕ್ ಬದಲಾಯಿಸಬೇಕು ಎಂದು ಕಂಪನಿಗಳು ಗೊಣಗಬಹುದು. ಬೆಲೆಗೆ ಸ್ಟಿಕ್ಕರ್ ಹಚ್ಚುವವರು ಅದಕ್ಕೂ ಹಚ್ಚಲಿ. ಪಂಪಿನಲ್ಲಿ ಇನ್ನೂ ಸುಲಭ. ತೈಲ ಕಂಪನಿಗಳು ದೆಹಲಿಯ ಬೆಲೆಯನ್ನು ಬಿಡಿಸಿ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಅದನ್ನೇ ಮಂಜೇಶ್ವರದ ಪಂಪಿನ ಬಿಲ್ಲಿನಲ್ಲಿ ಎರಡು ಸಾಲು ಮಾಡಿ ಹೊಡೆದರೆ ಆಯಿತು. ಕೇಂದ್ರಕ್ಕೆ ಇಷ್ಟು, ರಾಜ್ಯಕ್ಕೆ ಇಷ್ಟು. ಎರಡೂ ಸರಕಾರಗಳಿಗೆ ಇದು ಇಷ್ಟ ಆಗಲಿಕ್ಕಿಲ್ಲ ಎಂಬುದು ಬೇರೆ ಮಾತು. ಪರಸ್ಪರ ಬೆರಳು ತೋರಿಸಲು ಇಬ್ಬರಿಗೂ ಆ ಮಬ್ಬು ಬೇಕು.

ಗಡಿಯ ಜನರಿಗೆ ಮಾತ್ರ ಸಂಬಂಧಪಟ್ಟ ಒಂದು ವಿಷಯ ಉಂಟು, ಅದನ್ನು ಹೇಳದೆ ಬಿಟ್ಟರೆ ಮನಸ್ಸು ಕೇಳುವುದಿಲ್ಲ. ಜಿಎಸ್‌ಟಿ ಬಂದ ಮೇಲೆ ಮಂಜೇಶ್ವರದ ಮಾರಾಟ ತೆರಿಗೆ ಚೆಕ್‌ಪೋಸ್ಟ್ ಹೋಯಿತು. ಲಾರಿಗಳ ಸಾಲು ಹೋಯಿತು. ಮಿಕ್ಸಿಗೆ ಮಂಗಳೂರಿನಲ್ಲೂ 18, ಕಾಸರಗೋಡಿನಲ್ಲೂ 18. ಹಾಗಾದರೆ ಎಲ್ಲಿ ತಗೊಂಡರೂ ಒಂದೇ ಅಲ್ವಾ? ನಮ್ಮ ಜೇಬಿಗೆ ಒಂದೇ, ಖಜಾನೆಗೆ ಅಲ್ಲ. ಮೊನ್ನೆ ಮಾವ ಮಂಗಳೂರಿನಿಂದ 4,130 ರೂಪಾಯಿಗೆ ಮಿಕ್ಸಿ ತಂದರು. ಬಿಲ್ಲು ತೆಗೆಸಿ ನೋಡಿದೆ. ಬೆಲೆ 3,500. ಸಿಜಿಎಸ್‌ಟಿ 315, ಎಸ್‌ಜಿಎಸ್‌ಟಿ 315. ಆ ಎರಡನೆಯ 315 ಕರ್ನಾಟಕಕ್ಕೆ ಹೋಯಿತು. ಆದರೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ, ನಮ್ಮಂಥ ಸಾಮಾನ್ಯ ಗಿರಾಕಿಯ ವಿಳಾಸ ಬಿಲ್ಲಿನಲ್ಲಿ ಇದ್ದರೆ ಆ ವಿಳಾಸದ ರಾಜ್ಯಕ್ಕೆ ಮಾರಿದ ಹಾಗೆ ಲೆಕ್ಕ. ಆಗ ಎರಡು ಸಾಲಿನ ಬದಲು, ರಾಜ್ಯದಿಂದ ರಾಜ್ಯಕ್ಕೆ ಮಾರಿದ್ದಕ್ಕೆ ಹಾಕುವ ಐಜಿಎಸ್‌ಟಿ 630 ಅಂತ ಒಂದೇ ಸಾಲು ಬರುತ್ತದೆ, ಅದರ ಅರ್ಧ ಕೇರಳದ ಪಾಲು. ವಿಳಾಸ ಇಲ್ಲದಿದ್ದರೆ ಅಂಗಡಿ ಇರುವ ರಾಜ್ಯಕ್ಕೆ.

"ಹಾಗಾದ್ರೆ ಉಪ್ಪಳದ ಅಡ್ರೆಸ್ ಬರೆಸ್ಬೇಕಿತ್ತಾ?" ಎಂದು ಮಾವ ಕೇಳಿದರು.

"ಕೇರಳ ಅಂತ ರಾಜ್ಯದ ಹೆಸರು ಬರೆದಿದ್ದರೂ ಸಾಕಿತ್ತು ಮಾವ."

ಅವರು ಬಿಲ್ಲನ್ನು ಕನ್ನಡಕದ ಹತ್ತಿರ ಹಿಡಿದು ಎಸ್‌ಜಿಎಸ್‌ಟಿಯ ಸಾಲಿನ ಮೇಲೆ ಬೆರಳಾಡಿಸಿದರು. ಒಳಗಿನಿಂದ ಅಜ್ಜಿ, ಈ ತಿಂಗಳ ಪಿಂಚಣಿ ಬಂತಾ ನೋಡು ಎಂದು ಕೂಗಿದರು.